ಎಲ್ಲಿದ್ದೀರಿ ಅಂತ ಕೇಳೋರು

ಯಾರು ಎಲ್ಲಿದ್ದಾರೆ ಅಂತ ತಿಳ್ಕೊಳ್ಳೋಕೆ ನಾವೀಗ ಯಾರನ್ನೂ ಕೇಳಬೇಕಾಗಿಲ್ಲ. ಬಿರಿಯಾನಿ ತರೋ ಹುಡುಗ ಯಾವ ಸಿಗ್ನಲ್ಲಿನಲ್ಲಿ ಸಿಕ್ಕಿಹಾಕಿಕೊಂಡಿದ್ದಾನೆ, ಬುಕ್ ಮಾಡಿದ ಕ್ಯಾಬು ಯಾಕೆ ಫ್ಲೈಓವರ್ ಕೆಳಗೇ ಗಿರಕಿ ಹೊಡೀತಿದೆ, ಅಮ್ಮ ಹತ್ತಿದ ಬಸ್ಸು ತುಮಕೂರು ದಾಟಿತಾ, ಎಲ್ಲದಕ್ಕೂ ಫೋನಿನಲ್ಲಿ ಒಂದು ಚುಕ್ಕೆ ಇದೆ. ಚುಕ್ಕೆ ನೋಡಿದ್ರೆ ಮುಗೀತು, ಫೋನ್ ಮಾಡೋ ಕೆಲಸವೂ ಉಳೀತು.

ಈ ಚುಕ್ಕೆ ಇಲ್ಲದ ಕಾಲದಲ್ಲಿ, ದಡ ಬಿಟ್ಟು ಸಾವಿರಾರು ಮೈಲಿ ಹೋದ ಒಂದು ಹಾಯಿದೋಣಿ ಎಲ್ಲಿದೆ ಅಂತ ಗೊತ್ತಾಗ್ತಿದ್ದದ್ದು ಹೇಗೆ? ಕೆಲವು ವರ್ಷಗಳಿಂದ ಈ ಪ್ರಶ್ನೆಯ ಹಿಂದೆ ಬಿದ್ದಿದ್ದೇನೆ. ದೊಡ್ಡ ಹಡಗುಗಳದ್ದು ಬಿಡಿ, ಅವಕ್ಕೆ ಕಂಪನಿ ಇರುತ್ತೆ, ಸಂಬಳದ ರೇಡಿಯೋ ಆಪರೇಟರ್ ಇರ್ತಾನೆ. ನನಗೆ ಕುತೂಹಲ ಇದ್ದದ್ದು ಒಬ್ಬರೋ ಇಬ್ಬರೋ ಆರು ಜನವೋ ಹಾಯಿ ಕಟ್ಟಿಕೊಂಡು ಹೊರಟ ಸಣ್ಣ ದೋಣಿಗಳ ಬಗ್ಗೆ. ಅವುಗಳ ಜಾಡು ಹಿಡಿದವರಲ್ಲಿ ಬಹಳಷ್ಟು ಜನ ಯಾರಿಂದಲೂ ಕಾಸು ತಗೊಳ್ಳದವರು. ಹಗಲಿಡೀ ಬೇರೇನೋ ಕೆಲಸ ಮಾಡಿ, ರಾತ್ರಿ ಮನೆಯ ಮೂಲೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂರುತ್ತಿದ್ದ ಹ್ಯಾಮ್‌ಗಳು, ಅಂದರೆ ಹವ್ಯಾಸಿ ರೇಡಿಯೋದವರು.

ಮೊದಲು ದೋಣಿಯಲ್ಲಿದ್ದವನಿಗೇ ತಾನೆಲ್ಲಿದ್ದೀನಿ ಅಂತ ಗೊತ್ತಾಗಬೇಕಲ್ಲ. ಅದು ಅರ್ಧ ಕೆಲಸ. ಮಧ್ಯಾಹ್ನ ಸೂರ್ಯ ನೆತ್ತಿಗೆ ಬಂದಾಗ ದಿಗಂತದಿಂದ ಎಷ್ಟು ಎತ್ತರದಲ್ಲಿದ್ದಾನೆ ಅಂತ ಸೆಕ್ಸ್ಟಂಟ್ ಹಿಡಿದು ಅಳೆದರೆ, ಪಂಚಾಂಗದಂಥ ಒಂದು ಪುಸ್ತಕದ ಸಹಾಯದಿಂದ ಅಕ್ಷಾಂಶ ಸಿಗುತ್ತೆ. ರೇಖಾಂಶ ಅಷ್ಟು ಸುಲಭಕ್ಕೆ ಬಗ್ಗಲ್ಲ. ಅದಕ್ಕೆ ಸರಿಯಾದ ಗಡಿಯಾರ ಬೇಕು. ಭೂಮಿ ಒಂದು ಡಿಗ್ರಿ ತಿರುಗೋಕೆ 4 ನಿಮಿಷ ತಗೊಳ್ಳುತ್ತೆ. ಲೆಕ್ಕ ಹಾಕಿದರೆ ಗಡಿಯಾರ ಬರೀ 4 ಸೆಕೆಂಡು ತಪ್ಪಾದರೂ ಭೂಮಧ್ಯರೇಖೆಯ ಹತ್ತಿರ ನೀವು ಒಂದು ನಾಟಿಕಲ್ ಮೈಲಿ, ಅಂದರೆ 1.85 ಕಿ.ಮೀ. ಆಚೀಚೆ ಆಗ್ತೀರಿ. ಒಂದು ನಿಮಿಷ ತಪ್ಪಾದರೆ ಸುಮಾರು 28 ಕಿ.ಮೀ. ಕತ್ತಲೆಯಲ್ಲಿ ಹವಳದ ದಿಬ್ಬ ಹುಡುಕುವವನಿಗೆ ಇದು ಸಣ್ಣ ತಪ್ಪಲ್ಲ. ಮೋಡ ಕವಿದು ನಾಲ್ಕು ದಿನ ಸೂರ್ಯನೇ ಕಾಣದಿದ್ದರೆ ಇನ್ನೂ ಕಷ್ಟ. ಇಷ್ಟು ವೇಗ, ಇಷ್ಟು ಗಂಟೆ, ಈ ದಿಕ್ಕು ಅಂತ ಗುಣಿಸಿ ನಕಾಶೆ ಮೇಲೆ ಅಂದಾಜಿಗೆ ಒಂದು ಗುರುತು ಹಾಕಬೇಕು.

ರೇಡಿಯೋ ಬಂದ ಮೇಲೆ ಈ ಅರ್ಧ ಕೆಲಸಕ್ಕೇ ದೊಡ್ಡ ಉಪಕಾರವಾಯಿತು. ದಡದ ಕೇಂದ್ರಗಳು ಸರಿಯಾದ ಸಮಯವನ್ನು ಟಿಕ್ ಟಿಕ್ ಅಂತ ಬಿತ್ತರಿಸೋಕೆ ಶುರು ಮಾಡಿದವು, ಕಡಲಲ್ಲಿದ್ದವನು ಅದನ್ನು ಕೇಳಿ ಗಡಿಯಾರ ಸರಿಮಾಡಿಕೊಂಡ. ಉಳಿದರ್ಧ, ಸಿಕ್ಕ ಅಕ್ಷಾಂಶ ರೇಖಾಂಶವನ್ನು ಇನ್ನೊಬ್ಬರಿಗೆ ಹೇಳೋದು. ಇಲ್ಲೇ ಹವ್ಯಾಸಿಗಳು ಬರೋದು.

ಅವರು ಬಂದ ರೀತಿಯೂ ತಮಾಷೆಯಾಗಿದೆ. 1912ರಲ್ಲಿ ಅಮೆರಿಕದಲ್ಲಿ ರೇಡಿಯೋಗೆ ಕಾನೂನು ಬಂದಾಗ, ಕೆಲಸಕ್ಕೆ ಬರೋ ಉದ್ದುದ್ದ ತರಂಗಗಳನ್ನೆಲ್ಲ ನೌಕಾಪಡೆ ಮತ್ತು ಕಂಪನಿಗಳು ಹಂಚಿಕೊಂಡವು. ಹವ್ಯಾಸಿಗಳಿಗೆ ಸಿಕ್ಕಿದ್ದು 200 ಮೀಟರ್ ಮತ್ತು ಅದಕ್ಕಿಂತ ಚಿಕ್ಕ ತರಂಗಗಳು. ಅವು ದೂರ ಹೋಗಲ್ಲ, ಹುಡುಗರು ಆಟ ಆಡಿಕೊಳ್ಳಲಿ ಅನ್ನೋ ಎಣಿಕೆ. ಹತ್ತು ಹನ್ನೊಂದು ವರ್ಷ ಕಳೆಯೋದ್ರೊಳಗೆ ಎಣಿಕೆ ತಲೆಕೆಳಗಾಯಿತು. ಆ ಚಿಕ್ಕ ತರಂಗಗಳು ಆಕಾಶದ ಮೇಲ್ಪದರಕ್ಕೆ ಬಡಿದು, ಚೆಂಡಿನ ಹಾಗೆ ಪುಟಿದು ಭೂಮಿಗೆ ವಾಪಸ್ ಬೀಳ್ತವೆ. ಸಮುದ್ರದಿಂದ ಮತ್ತೆ ಪುಟಿದು ಇನ್ನೂ ಮುಂದೆ ಹೋಗ್ತವೆ. ಪಕ್ಕದ ಜಿಲ್ಲೆಗೆ ಕೇಳಿಸದ ಸದ್ದು ಪಕ್ಕದ ಖಂಡಕ್ಕೆ ಕೇಳಿಸಿತು. 1923ರ ನವೆಂಬರ್‌ನಲ್ಲಿ ಅಮೆರಿಕ ಮತ್ತು ಫ್ರಾನ್ಸಿನ ಹವ್ಯಾಸಿಗಳು ಅಟ್ಲಾಂಟಿಕ್ ದಾಟಿ ಪರಸ್ಪರ ಮಾತಾಡಿಯೇಬಿಟ್ಟರು. ಬೇಡ ಅಂತ ಬಿಸಾಕಿದ್ದೇ ಬಂಗಾರವಾಯಿತು.

ಅದೇ 1923ರಲ್ಲಿ ಡೊನಾಲ್ಡ್ ಮ್ಯಾಕ್‌ಮಿಲನ್ ಅನ್ನೋ ಧ್ರುವಯಾತ್ರಿ 'ಬೌಡಿನ್' ಎಂಬ ಹಾಯಿಹಡಗಿನಲ್ಲಿ ಉತ್ತರಕ್ಕೆ ಹೊರಟ. ಈ ಮನುಷ್ಯನಿಗೆ ಹಳೇ ಪೆಟ್ಟೊಂದಿತ್ತು. ಹತ್ತು ವರ್ಷ ಹಿಂದೆ, 1913ರಲ್ಲಿ, ಇಲ್ಲದ ಒಂದು ಭೂಭಾಗ ಹುಡುಕಿಕೊಂಡು ಹೋಗಿ ಹಿಮದ ನಾಡಲ್ಲಿ ನಾಲ್ಕು ವರ್ಷ ಸಿಕ್ಕಿಬಿದ್ದಿದ್ದ. ಕರೆತರೋಕೆ ಹೋದ ಎರಡು ಹಡಗು ವಿಫಲವಾಗಿ, ಮೂರನೆಯದು 1917ರಲ್ಲಿ ಅವನನ್ನು ತಲುಪಿತ್ತು. ಹಾಗಾಗಿ ಈ ಸಲ ಅಮೆರಿಕದ ಹವ್ಯಾಸಿ ರೇಡಿಯೋ ಸಂಘದ ಸಹಾಯ ಕೇಳಿದ. ಸಂಘ ಡಾನ್ ಮಿಕ್ಸ್ ಅನ್ನೋ ಯುವಕನನ್ನು ಜೊತೆಗೆ ಕಳಿಸಿತು. ಹಡಗಿನ ರೇಡಿಯೋ ಹೆಸರು 'ಡಬ್ಲ್ಯುಎನ್‌ಪಿ', ವೈರ್‌ಲೆಸ್ ನಾರ್ತ್ ಪೋಲ್ ಅನ್ನೋದರ ಗಿಡ್ಡ ರೂಪ. ಗ್ರೀನ್‌ಲ್ಯಾಂಡಿನ ವಾಯವ್ಯದಲ್ಲಿ ನೀರು ಹೆಪ್ಪುಗಟ್ಟಿ ಹಡಗು ಚಳಿಗಾಲವಿಡೀ ನಿಂತಲ್ಲೇ ನಿಂತಿತು. ಆ ಕತ್ತಲಲ್ಲಿ ಮಿಕ್ಸ್ ಕುಟ್ಟುತ್ತಿದ್ದ ಮೋರ್ಸ್ ಸದ್ದನ್ನು ಕೆನಡಾದ ಪ್ರಿನ್ಸ್ ರೂಪರ್ಟ್ ಎಂಬ ಊರಿನ ಒಬ್ಬ ಹವ್ಯಾಸಿ ಹಿಡಿದ. ಹತ್ತು ವರ್ಷದ ಹಿಂದೆ ಸತ್ತಿದ್ದಾರೋ ಬದುಕಿದ್ದಾರೋ ಅಂತ ಮನೆಯವರು ಕಾಯಬೇಕಿತ್ತು. ಈಗ ಯಾರೋ ಗುರುತಿಲ್ಲದವನೊಬ್ಬ ಕಾಗದ ಪೆನ್ಸಿಲ್ ಹಿಡಿದು ಕೂತಿದ್ದಕ್ಕೆ ಕ್ಷೇಮಸಮಾಚಾರ ಬಂತು.

*

ಈ ಕಥೆಯ ನಡುಮನೆ ಅಂದರೆ ಕೋನ್-ಟಿಕಿ. ಹೆಸರು ಕೇಳಿರ್ತೀರಿ. 1947ರ ಏಪ್ರಿಲ್ 28ರಂದು ಪೆರು ದೇಶದ ಕಯಾವೊ ಬಂದರಿನಿಂದ ಥೋರ್ ಹೆಯರ್‌ಡಾಲ್ ಮತ್ತು ಐವರು ಸಂಗಡಿಗರು ಬಾಲ್ಸಾ ಮರದ ತೆಪ್ಪದಲ್ಲಿ ಪೆಸಿಫಿಕ್ ಸಾಗರಕ್ಕೆ ಇಳಿದರು. ಒಂಬತ್ತು ದೊಡ್ಡ ದಿಮ್ಮಿ, ಅವನ್ನು ಬಿಗಿದ ಹಗ್ಗ, ಮೇಲೊಂದು ಬಿದಿರಿನ ಗುಡಿಸಲು, ಒಂದು ಹಾಯಿ. ಪುರಾತನ ದಕ್ಷಿಣ ಅಮೆರಿಕದವರು ಹೀಗೇ ತೇಲಿಕೊಂಡು ಪಾಲಿನೇಷ್ಯ ತಲುಪಿರಬಹುದು ಅನ್ನೋದು ಹೆಯರ್‌ಡಾಲ್ ವಾದ. ವಾದದ ಬಹುಪಾಲನ್ನು ವಿದ್ವಾಂಸರು ಆಮೇಲೆ ಒಪ್ಪಲಿಲ್ಲ. ಅದು ಬೇರೆ ವಿಚಾರ.

ನನಗೆ ಇಷ್ಟವಾಗೋದು ಆ ಗುಡಿಸಲಿನ ಒಂದು ಮೂಲೆ. ಅಲ್ಲಿ ಎಲ್‌ಐ2ಬಿ ಎಂಬ ಕರೆಹೆಸರಿನ ಹವ್ಯಾಸಿ ರೇಡಿಯೋ ಕೇಂದ್ರ ಇತ್ತು. ನಡೆಸುತ್ತಿದ್ದವರು ಇಬ್ಬರು, ಕ್ನುಟ್ ಹೌಗ್ಲಾಂಡ್ ಮತ್ತು ಟೋರ್‌ಸ್ಟೈನ್ ರಾಬಿ. ಇಬ್ಬರೂ ಯುದ್ಧದಲ್ಲಿ ನಾರ್ವೆಯ ಭೂಗತ ಹೋರಾಟದಲ್ಲಿದ್ದವರು. ನಾಜಿಗಳ ಅಣುಬಾಂಬ್ ಯೋಜನೆಗೆ ಬೇಕಿದ್ದ ಭಾರಜಲ ತಯಾರಾಗ್ತಿದ್ದ ವೆಮೋರ್ಕ್ ಕಾರ್ಖಾನೆಯನ್ನು 1943ರಲ್ಲಿ ಹಾಳುಗೆಡವಿದ ಕಾರ್ಯಾಚರಣೆಯಲ್ಲಿ ಹೌಗ್ಲಾಂಡ್ ರೇಡಿಯೋ ಆಪರೇಟರ್. ರಾಬಿ ಉತ್ತರ ನಾರ್ವೆಯಲ್ಲಿ ಬಚ್ಚಿಟ್ಟುಕೊಂಡು ಜರ್ಮನ್ ಯುದ್ಧನೌಕೆ ಟಿರ್‌ಪಿಟ್ಸ್ ಮೇಲೆ ಕಣ್ಣಿಟ್ಟು ಬ್ರಿಟನ್ನಿಗೆ ವರದಿ ಕಳಿಸುತ್ತಿದ್ದವನು. ಯಾರಿಗೂ ಕೇಳಿಸಬಾರದು ಅಂತ ಜೀವ ಕೈಯಲ್ಲಿ ಹಿಡಿದು ರೇಡಿಯೋ ಕುಟ್ಟಿದವರು, ಈಗ ಯಾರಿಗಾದರೂ ಕೇಳಿಸಲಪ್ಪಾ ಅಂತ ಕುಟ್ಟುತ್ತಿದ್ದರು.

ಕೇಳಿಸೋದು ಸುಲಭವಿರಲಿಲ್ಲ. ಟ್ರಾನ್ಸ್‌ಮಿಟರಿನ ಶಕ್ತಿ ಸುಮಾರು 6 ವಾಟ್. ಸಣ್ಣ ಟಾರ್ಚಿನ ಬಲ್ಬಿಗೆ ಹೋಲಿಸಬಹುದಾದಷ್ಟು. ಕಾಲಡಿಯ ದಿಮ್ಮಿಗಳ ಸಂದಿಯಲ್ಲಿ ಉಪ್ಪುನೀರು ಉಕ್ಕುತ್ತೆ, ಬ್ಯಾಟರಿ ಒದ್ದೆ, ತಂತಿ ಒದ್ದೆ. ಆಂಟೆನಾವನ್ನು ಮೇಲಕ್ಕೆ ಏರಿಸೋಕೆ ಬಲೂನು ಹಾರಿಸಿ ನೋಡಿದರು, ಗಾಳಿಪಟ ಹಾರಿಸಿ ನೋಡಿದರು. ಪೆರುವಿನ ಜೊತೆಗಿನ ಸಂಪರ್ಕ ಕಡಿದುಹೋಯಿತು. ಆಮೇಲೊಂದು ರಾತ್ರಿ ರಾಬಿ ಸುಮ್ಮನೆ ಕುಟ್ಟುತ್ತಿದ್ದಾಗ ಲಾಸ್ ಏಂಜಲೀಸ್‌ನ ಒಬ್ಬ ಹವ್ಯಾಸಿಗೆ ಅದು ಸಿಕ್ಕಿತು. ಆತ ಆ ಹೊತ್ತಿಗೆ ಸ್ವೀಡನ್ನಿನ ಯಾರನ್ನೋ ಹುಡುಕುತ್ತಿದ್ದನಂತೆ. ಯಾವ ಸೆಟ್ಟು, ಏನು ಹೆಸರು, ಮನೆ ಎಲ್ಲಿ ಅಂತ ಮಾಮೂಲಿ ಪ್ರಶ್ನೆ ಬಂತು. ಪೆಸಿಫಿಕ್ ಮಧ್ಯೆ ತೆಪ್ಪದ ಮೇಲಿರೋ ಬಿದಿರಿನ ಗುಡಿಸಲು ಅಂತ ಉತ್ತರ ಹೋದ ಮೇಲೆ ಆ ಕಡೆಯಿಂದ ಸ್ವಲ್ಪ ಹೊತ್ತು ಅರ್ಥವಾಗದ ಟಿಕ್ ಟಿಕ್ ಬಿಟ್ಟರೆ ಏನೂ ಬರಲಿಲ್ಲವಂತೆ. ಸುಧಾರಿಸಿಕೊಂಡ ಮೇಲೆ ಆತ ತನ್ನ ಹೆಸರು ಹ್ಯಾಲ್ ಅಂದ. ಹೆಂಡತಿ ಸ್ವೀಡನ್ ಮೂಲದವಳು, ನಿಮ್ಮ ಮನೆಗಳಿಗೆ ಕ್ಷೇಮ ತಿಳಿಸ್ತಾಳೆ ಅಂದ.

ಹ್ಯಾಲ್ ದೊಡ್ಡ ವಿಜ್ಞಾನಿ ಏನಲ್ಲ, ಹೊಟ್ಟೆಪಾಡಿಗೆ ಸಿನಿಮಾ ಆಪರೇಟರ್. ಲಕ್ಷಾಂತರ ಜನರ ಆ ನಗರದ ಒಬ್ಬ ಸಿನಿಮಾ ಆಪರೇಟರನಿಗೆ ಮಾತ್ರ ಅವತ್ತು ಈ ಆರು ಜನ ಭೂಮಿಯ ಮೇಲೆ ಎಲ್ಲಿದ್ದಾರೆ ಅಂತ ಗೊತ್ತಿತ್ತು. ಹೆಯರ್‌ಡಾಲ್ ತನ್ನ ಪುಸ್ತಕದಲ್ಲಿ ಇದನ್ನು ನೆನೆದು ಬೆರಗಾಗ್ತಾನೆ. ನನಗಂತೂ ಮೀನು, ತಿಮಿಂಗಿಲಗಳ ವರ್ಣನೆಗಿಂತ ಹೆಚ್ಚು ತಟ್ಟಿದ್ದು ಈ ಜಾಗ.

ಅಲ್ಲಿಂದಾಚೆಗೆ ಹ್ಯಾಲ್ ಮತ್ತು ಅವನ ಗೆಳೆಯ ಫ್ರಾಂಕ್ ರಾತ್ರಿಗಳನ್ನು ತೆಪ್ಪಕ್ಕೆ ಕೊಟ್ಟುಬಿಟ್ಟರು. ಎರಿಕ್ ಹೆಸಲ್‌ಬರ್ಗ್ ಸೆಕ್ಸ್ಟಂಟ್ ಹಿಡಿದು ತೆಗೆದ ಅಕ್ಷಾಂಶ ರೇಖಾಂಶ, ಗಾಳಿಯ ದಿಕ್ಕು, ಹವೆಯ ವಿವರ ಎಲ್ಲ ಅವರ ಮೂಲಕ ಹೋಗೋದು. ಹವಾಮಾನ ಮಾಹಿತಿ ಅಮೆರಿಕದ ಹವಾಮಾನ ಇಲಾಖೆಗೆ, ಕ್ಷೇಮಸಮಾಚಾರ ವಾಷಿಂಗ್ಟನ್‌ನ ನಾರ್ವೆ ರಾಯಭಾರ ಕಚೇರಿಗೆ. ತೆಪ್ಪದಲ್ಲಿ ಫಿಲ್ಮ್ ತೊಳೆದಾಗ ಚಿತ್ರಗಳು ಹಾಳಾದವು. ಅದಕ್ಕೂ ಹ್ಯಾಲ್‌ನನ್ನೇ ಕೇಳಿದರು. ಆತ ತಿಳಿದವರಿಗೆ ಫೋನ್ ಮಾಡಿ ವಿಚಾರಿಸಿ, ನಿಮ್ಮ ನೀರು ಬಿಸಿ ಜಾಸ್ತಿ ಅಂತ ಉತ್ತರ ಕಳಿಸಿದ. ಆಗಸ್ಟ್ ಹೊತ್ತಿಗೆ ಸುಮಾರು 16,000 ಕಿ.ಮೀ. ದೂರದ ಓಸ್ಲೋಗೇ ನೇರ ಸಂಪರ್ಕ ಸಿಕ್ಕಿ, 75 ತುಂಬಿದ ದೊರೆ ಹೋಕನ್‌ಗೆ ಹುಟ್ಟುಹಬ್ಬದ ಶುಭಾಶಯವೂ ಹೋಯಿತು. ಆರು ವಾಟಿನ ಮಹಿಮೆ!

ದಿನಕ್ಕೆ ಸರಾಸರಿ 68 ಕಿ.ಮೀ. ತೇಲುತ್ತಾ, ಅಂದರೆ ನಾವು ಸಂತೆಯಲ್ಲಿ ನಡೆಯೋ ವೇಗದಲ್ಲಿ, 101 ದಿನಕ್ಕೆ ಸುಮಾರು 6,900 ಕಿ.ಮೀ. ದಾಟಿ ಆಗಸ್ಟ್ 7ರಂದು ತೆಪ್ಪ ರರೋಯಿಯಾ ಎಂಬ ಹವಳದ್ವೀಪದ ದಿಬ್ಬಕ್ಕೆ ಬಡಿಯಲು ಹೊರಟಿತು. ತಪ್ಪಿಸೋಕೆ ದಾರಿ ಇರಲಿಲ್ಲ. ಆ ಕಡೇ ಗಂಟೆಗಳಲ್ಲೂ ರಾಬಿ ರೇಡಿಯೋ ಮುಂದೆಯೇ ಕೂತಿದ್ದ. ಕುಕ್ ದ್ವೀಪಗಳ ರಾರೊಟೊಂಗಾದ ಒಬ್ಬ ಹವ್ಯಾಸಿ ಸಿಕ್ಕಿದ್ದ. ನಾವು ದಿಬ್ಬಕ್ಕೆ ಬಡೀತಿದ್ದೀವಿ, 36 ಗಂಟೆಯೊಳಗೆ ನಮ್ಮ ದನಿ ಕೇಳಿಸದಿದ್ದರೆ ವಾಷಿಂಗ್ಟನ್‌ಗೆ ತಿಳಿಸು ಅಂತ ಹೇಳಿ, ಕೊನೆಯ ಕೆಲವು ಗಜಗಳವರೆಗೂ ಕುಟ್ಟಿ, ಎದ್ದು ಹಗ್ಗ ಹಿಡಿದುಕೊಂಡ.

ಆರೂ ಜನ ಬದುಕಿದರು. ರೇಡಿಯೋ ಮಾತ್ರ ನೀರು ಕುಡಿದಿತ್ತು. ಈಗ ನಿಜವಾದ ಆತಂಕ ಶುರು. ತಾವು ತೆಂಗಿನಮರದ ಕೆಳಗೆ ಆರಾಮಾಗಿದ್ದೀವಿ, ಆದರೆ 36 ಗಂಟೆ ದಾಟಿದರೆ ಅಲ್ಲಿ ದೊಡ್ಡ ಶೋಧವೇ ಶುರುವಾಗುತ್ತೆ. ಬಿಡಿಭಾಗಗಳನ್ನು ಬಿಸಿಲಿಗೆ ಒಣಗಿಸಿ, ಕೈಯಲ್ಲಿ ಜನರೇಟರ್ ತಿರುಗಿಸಿ ಕರೆದರು, ಮತ್ತೆ ಕರೆದರು. ಅಮೆರಿಕದ ಒಬ್ಬ ಹವ್ಯಾಸಿಗೆ ಕೇಳಿಸಿತು, ಆದರೆ ಯಾರೋ ತಮಾಷೆ ಮಾಡ್ತಿದ್ದಾರೆ ಅಂತ ಅವನು ನಂಬಲೇ ಇಲ್ಲ! ಗಡುವು ಮುಗಿಯೋಕೆ ಸ್ವಲ್ಪವೇ ಹೊತ್ತಿರುವಾಗ ರಾರೊಟೊಂಗಾ ಉತ್ತರಿಸಿತು. ಮುಂದೆ ಹ್ಯಾಲ್ ಕೂಡ ಸಿಕ್ಕಿದ. ಆ ದ್ವೀಪದ ಒಬ್ಬ ಹುಡುಗನಿಗೆ ತಲೆಯಲ್ಲಿ ಕೀವುಗಟ್ಟಿ ಜ್ವರ ಏರಿದಾಗ, ಹ್ಯಾಲ್ ಲಾಸ್ ಏಂಜಲೀಸ್‌ನಲ್ಲಿ ವೈದ್ಯರೊಬ್ಬರನ್ನು ಹಿಡಿದು ಸಲಹೆ ಕೊಡಿಸಿದ. ಪೆನಿಸಿಲಿನ್ ಕೊಟ್ಟು ಹುಡುಗನನ್ನು ಉಳಿಸಿಕೊಂಡರು.

*

ಈ ಕಥೆಯಲ್ಲಿ ಒಂದು ಸಂಗತಿ ಗಮನಿಸಿ. ತೆಪ್ಪ ಎಲ್ಲಿದೆ ಅಂತ ಹ್ಯಾಲ್‌ಗೆ ಗೊತ್ತಿದ್ದದ್ದು ತೆಪ್ಪದವರು ಹೇಳಿದ್ದರಿಂದ. ಅಷ್ಟೇ. ಪರೀಕ್ಷೆ ಮಾಡೋಕೆ ಉಪಗ್ರಹ ಇಲ್ಲ, ಸಾಕ್ಷಿ ಇಲ್ಲ. ಒಬ್ಬ ಹೇಳಬೇಕು, ಇನ್ನೊಬ್ಬ ನಂಬಬೇಕು. ಹಾಗಾದರೆ ಹೇಳುವವನು ಸುಳ್ಳು ಹೇಳಿದರೆ?

ಅದೂ ಆಯಿತು. 1968ರಲ್ಲಿ ಲಂಡನ್ನಿನ ಸಂಡೇ ಟೈಮ್ಸ್ ಪತ್ರಿಕೆ ಗೋಲ್ಡನ್ ಗ್ಲೋಬ್ ಎಂಬ ಸ್ಪರ್ಧೆ ಇಟ್ಟಿತು. ಒಬ್ಬರೇ, ಎಲ್ಲೂ ನಿಲ್ಲದೆ, ಹಾಯಿದೋಣಿಯಲ್ಲಿ ಭೂಮಿ ಸುತ್ತಿ ಬರಬೇಕು. ಒಂಬತ್ತು ಜನ ಹೊರಟರು. ಇವರಲ್ಲಿ ರೇಡಿಯೋ ಜೊತೆ ಮೂರು ಥರದ ಸಂಬಂಧ ಕಾಣುತ್ತೆ. ಫ್ರಾನ್ಸಿನ ಬರ್ನಾರ್ ಮೊಯ್ತೆಸಿಯೆ ಟ್ರಾನ್ಸ್‌ಮಿಟರೇ ಬೇಡ ಅಂದ. ಹೇಳೋದೇನಾದರೂ ಇದ್ದರೆ ಚೀಟಿ ಬರೆದು ಡಬ್ಬಿಗೆ ಹಾಕಿ, ಎದುರಾದ ಹಡಗಿನ ಮೇಲೆ ಕವಣೆಯಲ್ಲಿ ಬೀರುತ್ತಿದ್ದ. ಇಂಗ್ಲೆಂಡಿನ ರಾಬಿನ್ ನಾಕ್ಸ್-ಜಾನ್‌ಸ್ಟನ್‌ನ ರೇಡಿಯೋ ಅರ್ಧ ದಾರಿಯಲ್ಲೇ ಕೆಟ್ಟಿತು. 1968ರ ನವೆಂಬರ್‌ನಲ್ಲಿ ನ್ಯೂಜಿಲೆಂಡ್ ಬಿಟ್ಟ ಮೇಲೆ 1969ರ ಏಪ್ರಿಲ್‌ನಲ್ಲಿ ಅಟ್ಲಾಂಟಿಕ್‌ನಲ್ಲಿ ಒಂದು ತೈಲಹಡಗಿನ ಕಣ್ಣಿಗೆ ಬೀಳೋವರೆಗೆ ಅವನಿದ್ದಾನೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ.

ಮೂರನೆಯವನು ಡೊನಾಲ್ಡ್ ಕ್ರೌಹರ್ಸ್ಟ್. ವಿಚಿತ್ರ ನೋಡಿ, ಈತ ಎಲೆಕ್ಟ್ರಾನಿಕ್ಸ್ ಎಂಜಿನಿಯರ್. ರೇಡಿಯೋ ಅಲೆ ಬರೋ ದಿಕ್ಕಿನಿಂದ ದೋಣಿ ಎಲ್ಲಿದೆ ಅಂತ ಕಂಡುಹಿಡಿಯೋ ಉಪಕರಣ ತಯಾರಿಸಿ ಮಾರೋದೇ ಅವನ ಕಸುಬು. ಸಾಲದ ಶೂಲಕ್ಕೆ ಸಿಕ್ಕಿ, ಸರಿಯಾಗಿ ಸಿದ್ಧವಾಗದ ದೋಣಿಯಲ್ಲಿ ಕೊನೆಯ ದಿನ, ಅಕ್ಟೋಬರ್ 31ರಂದು, ಹೊರಟ. ಕೆಲವೇ ವಾರಗಳಲ್ಲಿ ಗೊತ್ತಾಯಿತು, ಈ ದೋಣಿ ದಕ್ಷಿಣದ ಮಹಾಸಾಗರಕ್ಕೆ ಹೋದರೆ ಮುಳುಗುತ್ತೆ. ವಾಪಸ್ ಹೋದರೆ ಮನೆ ಮುಳುಗುತ್ತೆ. ಡಿಸೆಂಬರ್‌ನಲ್ಲಿ ಒಂದೇ ದಿನ 243 ಮೈಲಿ ಓಡಿಸಿದೆ ಅಂತ ತಂತಿ ಕಳಿಸಿದ. ಊರಿನಲ್ಲಿ ಅವನ ಪ್ರಚಾರ ನೋಡಿಕೊಳ್ಳುತ್ತಿದ್ದವರು ಅದಕ್ಕೆ ಉಪ್ಪುಖಾರ ಹಚ್ಚಿ ಪತ್ರಿಕೆಗಳಿಗೆ ಕೊಟ್ಟರು. ಇಂಗ್ಲೆಂಡಿನಲ್ಲಿ ನಕಾಶೆಯ ಮೇಲೆ ಇಲ್ಲದ ದೋಣಿಯೊಂದು ಭರ್ಜರಿಯಾಗಿ ಓಡತೊಡಗಿತು.

ನಿಜವಾದ ದೋಣಿ ಅಟ್ಲಾಂಟಿಕ್ಕಿನಲ್ಲೇ ಅಡ್ಡಾಡುತ್ತಿತ್ತು. ಇವನು ಸಂದೇಶ ಕಳಿಸುತ್ತಿದ್ದದ್ದು ಹವ್ಯಾಸಿಗಳ ಮೂಲಕ ಅಲ್ಲ, ದಡದ ವೃತ್ತಿಪರ ಕೇಂದ್ರಗಳ ಮೂಲಕ. ಯಾವ ಸಾಗರದಲ್ಲಿದ್ದೀನಿ ಅಂತಾನೋ ಆ ಸಾಗರದ ಕೇಂದ್ರಕ್ಕೆ ದನಿ ತಲುಪಬೇಕು. ಇಲ್ಲದಿದ್ದರೆ ಸುಳ್ಳು ಬಯಲು. ಹಾಗಾಗಿ ಜನರೇಟರ್ ತೊಂದರೆ ಅಂತ ಹೇಳಿ ಜನವರಿಯಿಂದ ಏಪ್ರಿಲ್‌ವರೆಗೆ ಸುಮ್ಮನಾಗಿಬಿಟ್ಟ. ಸುಮ್ಮನಿದ್ದರೂ ಕಿವಿ ಮಾತ್ರ ತೆರೆದಿತ್ತು. ತಾನಿಲ್ಲದ ಸಾಗರಗಳ ಹವಾಮಾನ ವರದಿ ಕೇಳಿ ಬರೆದಿಟ್ಟುಕೊಳ್ಳುತ್ತಿದ್ದ, ಮುಂದೆ ಲಾಗ್‌ಬುಕ್ಕಿಗೆ ಬೇಕಾಗುತ್ತಲ್ಲ. ಸುಳ್ಳು ದೋಣಿ ನಿಜವಾದ ದೋಣಿಯಿದ್ದ ಕಡೆ ಬರೋ ಲೆಕ್ಕವಾದಾಗ ಮತ್ತೆ ಮಾತು ಶುರು ಮಾಡಿದ.

ಆ ಸುಳ್ಳಿಗೆ ಬೆಲೆ ತೆತ್ತವನು ಇನ್ನೊಬ್ಬ. ಕ್ರೌಹರ್ಸ್ಟ್ ಬೆನ್ನ ಹಿಂದೆಯೇ ಬರ್ತಿದ್ದಾನೆ ಅಂತ ನಂಬಿ ನೈಜೆಲ್ ಟೆಟ್ಲಿ ತನ್ನ ಸವೆದ ದೋಣಿಯನ್ನು ವಿಪರೀತ ಓಡಿಸಿದ. 1969ರ ಮೇ 21ರಂದು, ಮನೆ ಹತ್ತಿರ ಬಂತು ಅನ್ನುವಾಗ, ದೋಣಿ ಒಡೆದು ಮುಳುಗಿತು. ಅವನು ಬದುಕಿದ. ಈಗ ಅತಿ ವೇಗದ ಬಹುಮಾನ ಕ್ರೌಹರ್ಸ್ಟ್‌ಗೇ ಬರೋ ಹಾಗಾಯಿತು. ಬಂದರೆ ಲಾಗ್‌ಬುಕ್ಕನ್ನು ಕೆದಕುತ್ತಾರೆ. ಜೂನ್‌ನಲ್ಲಿ ಅವನ ಟ್ರಾನ್ಸ್‌ಮಿಟರ್ ನಿಜವಾಗಿಯೂ ಕೆಟ್ಟಿತು. ಬಿಸಿಲಿನ ಝಳದಲ್ಲಿ ಬಿಡಿಭಾಗ ಹರಡಿಕೊಂಡು ದಿನಗಟ್ಟಲೆ ರಿಪೇರಿ ಮಾಡಿ ಮೋರ್ಸ್ ಮಟ್ಟಿಗೆ ಸರಿಮಾಡಿದ. ಹೆಂಡತಿಯ ಜೊತೆ ಮಾತಾಡಬೇಕು ಅಂತ ಹಂಬಲಿಸಿದ. ಅದೊಂದು ಆಗಲಿಲ್ಲ. ಲಾಗ್‌ಬುಕ್ಕಿನ ಕೊನೆಯ ಬರಹ ಜುಲೈ 1ರದ್ದು. ಜುಲೈ 10ರಂದು ಖಾಲಿ ದೋಣಿ ಸಿಕ್ಕಿತು. ಏಕೈಕ ವಿಜೇತನಾದ ನಾಕ್ಸ್-ಜಾನ್‌ಸ್ಟನ್ ತನಗೆ ಬಂದ 5,000 ಪೌಂಡನ್ನು ಕ್ರೌಹರ್ಸ್ಟ್ ಕುಟುಂಬಕ್ಕೆ ಕೊಟ್ಟ.

ನಾನು ಈ ಎರಡು ಕಥೆಗಳನ್ನು ಯಾವಾಗಲೂ ಒಟ್ಟಿಗೇ ಓದ್ತೀನಿ. ಹೆಯರ್‌ಡಾಲ್ ಮತ್ತು ಗೆಳೆಯರಿಗೆ ಹ್ಯಾಲ್ ಎಂಬ ಒಬ್ಬ ಮನುಷ್ಯ ಇದ್ದ. ದಿನಾ ರಾತ್ರಿ ಮಾತು, ನೀರು ಬಿಸಿಯಾಯ್ತು ಅನ್ನೋಂಥ ಸಣ್ಣ ಗೋಳೂ ಹೇಳ್ಕೊಳ್ಳಬಹುದಾದಷ್ಟು ಸಲಿಗೆ. ಕ್ರೌಹರ್ಸ್ಟ್‌ಗೆ ಇದ್ದದ್ದು ಪತ್ರಿಕೆ, ಸಾಲ ಕೊಟ್ಟವನು, ಪ್ರಚಾರದವನು. ಅವರಿಗೆಲ್ಲ ಬೇಕಿದ್ದದ್ದು ಮುಂದೋಡುವ ಚುಕ್ಕೆ. "ದೋಣಿ ಸೋರ್ತಾ ಇದೆ ಕಣಯ್ಯಾ, ನನ್ನ ಕೈಲಿ ಆಗಲ್ಲ" ಅಂತ ಹೇಳೋಕೆ ಅವನಿಗೆ ಆ ಕಡೆ ಒಬ್ಬ ಸಿನಿಮಾ ಆಪರೇಟರ್ ಇದ್ದಿದ್ದರೆ? ಚರಿತ್ರೆಯಲ್ಲಿ ಇಂಥ ರೆ-ಗಳಿಗೆ ಜಾಗ ಇಲ್ಲ, ಆದರೂ ಮನಸ್ಸು ಕೇಳುತ್ತೆ.

*

ಅದೇ 1968ರಲ್ಲಿ ಅಮೆರಿಕದ ಹವ್ಯಾಸಿಗಳು ಇದನ್ನು ಒಂದು ಪದ್ಧತಿಯಾಗಿ ಕಟ್ಟೋಕೆ ಶುರು ಮಾಡಿದರು. 14.300 ಮೆಗಾಹರ್ಟ್ಸ್‌ನಲ್ಲಿ ಮಾರಿಟೈಮ್ ಮೊಬೈಲ್ ಸರ್ವಿಸ್ ನೆಟ್‌ವರ್ಕ್ ಹುಟ್ಟಿತು. ದಿನಾ ಒಬ್ಬರಾದ ಮೇಲೆ ಒಬ್ಬರು ಸರದಿಯಲ್ಲಿ ಕೂತು ಕಡಲಿನವರ ಕರೆಗೆ ಕಾಯೋದು. ಮುಂದೆ ಪೆಸಿಫಿಕ್‌ನಲ್ಲಿ ಪೆಸಿಫಿಕ್ ಸೀಫೇರರ್ಸ್ ನೆಟ್, ದಕ್ಷಿಣ ಆಫ್ರಿಕದಿಂದ ಇನ್ನೊಂದು ನೆಟ್, ಹೀಗೆ ಬೇರೆ ಬೇರೆ ಕಡಲಿಗೆ ಬೇರೆ ಬೇರೆ ಕಾವಲು. ನೆಟ್ ಅಂದರೆ ಇಲ್ಲಿ ಇಂಟರ್ನೆಟ್ ಅಲ್ಲ, ಗೊತ್ತಾದ ಹೊತ್ತಿಗೆ ಗೊತ್ತಾದ ತರಂಗಾಂತರದಲ್ಲಿ ಸೇರೋ ಜಗಲಿಕಟ್ಟೆ. ಲೈಸೆನ್ಸ್ ಪರೀಕ್ಷೆ ಪಾಸಾದವರಷ್ಟೇ ಮಾತಾಡಬಹುದು. ನಮ್ಮ ದೇಶದಲ್ಲೂ ಸಂಪರ್ಕ ಸಚಿವಾಲಯ ಈ ಪರೀಕ್ಷೆ ನಡೆಸುತ್ತೆ, ಪಾಸಾದರೆ ವಿಯು ಅಂತ ಶುರುವಾಗೋ ಕರೆಹೆಸರು ಸಿಗುತ್ತೆ. ದುಡ್ಡಿನ ವ್ಯವಹಾರಕ್ಕೆ ಇಲ್ಲಿ ಅವಕಾಶವೇ ಇಲ್ಲ.

ಪೆಸಿಫಿಕ್ ನೆಟ್ ಶುರುವಾಗೋದು ಜಾಗತಿಕ ಸಮಯ 3 ಗಂಟೆಗೆ, ನಮ್ಮ ಬೆಳಗ್ಗೆ 8:30ಕ್ಕೆ. ಜಗತ್ತಿನ ಬೇರೆ ಬೇರೆ ಕಡೆ ಹವ್ಯಾಸಿಗಳು ಇಟ್ಟಿರೋ ರಿಸೀವರ್‌ಗಳನ್ನು ಇಂಟರ್ನೆಟ್ ಮೂಲಕ ತಿರುಗಿಸಿ ಯಾರು ಬೇಕಾದರೂ ಕೇಳಬಹುದು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಆಫೀಸ್ ಕ್ಯಾಬ್ ನಿಂತಲ್ಲೇ ನಿಂತಾಗ ನಾನು ಕೆಲವು ಸಲ ಇಯರ್‌ಫೋನ್‌ನಲ್ಲಿ ಹೀಗೆ ಕಿವಿಗೊಟ್ಟಿದ್ದೇನೆ. ಕೇಳೋಕೆ ಏನೇನೂ ರೋಚಕವಿಲ್ಲ. ಗುರ್ ಅನ್ನೋ ಸದ್ದಿನ ಮಧ್ಯೆ ಒಂದು ಕರೆಹೆಸರು. ಆಮೇಲೆ ಅಕ್ಷಾಂಶ, ರೇಖಾಂಶ, ಹೋಗ್ತಿರೋ ದಿಕ್ಕು, ವೇಗ, ಗಾಳಿ, ಅಲೆ, ಮೋಡ, ವಾಯುಭಾರ. ಆ ಕಡೆಯವರು ಅಷ್ಟನ್ನೂ ಪುನಃ ಓದಿ ಹೇಳಿ, ಸರೀನಾ ಅಂತ ಕೇಳ್ತಾರೆ. ಸರಿ ಅಂದ ಮೇಲೆ ಮುಂದಿನ ದೋಣಿ. ಸ್ಕೂಲಿನ ಹಾಜರಿ ಥರ. ಹಾಜರಿಗೆ ಬರಬೇಕಾದ ದೋಣಿ ಬಾರದೆ ಇದ್ದರೆ ವಿಚಾರಣೆ ಶುರುವಾಗುತ್ತೆ. ಯಾರಾದರೂ ನೋಡಿದಿರಾ, ಕೊನೆಗೆ ಎಲ್ಲಿತ್ತು, ಯಾವ ಕಡೆ ಹೋಗ್ತಿತ್ತು. ದೋಣಿ ಕಳೆದುಹೋದರೆ ಹುಡುಕೋಕೆ ಅದೇ ಕೊನೆಯ ಗುರುತು ಆಧಾರ.

*

ಈಗ ಉಪಗ್ರಹ ಇದೆಯಲ್ಲ, ಇದೆಲ್ಲ ಯಾಕೆ ಅಂತೀರಾ? ಹಳೇ ಗೋಲ್ಡನ್ ಗ್ಲೋಬ್ ಸ್ಪರ್ಧೆಗೆ 50 ವರ್ಷವಾದ ನೆನಪಿಗೆ 2018ರಲ್ಲಿ ಮತ್ತೆ ಅಂಥದ್ದೇ ಸ್ಪರ್ಧೆ ಇಟ್ಟರು. ದೋಣಿ ಹಳೇ ಮಾದರಿಯದು, ಜಿಪಿಎಸ್ ನೋಡುವ ಹಾಗಿಲ್ಲ, ಸೆಕ್ಸ್ಟಂಟ್ ಹಿಡಿಯಬೇಕು, ಮಾತಿಗೆ ಶಾರ್ಟ್‌ವೇವ್ ರೇಡಿಯೋ. ಆದರೆ ದಡದವರು ಮಾತ್ರ ಪ್ರತಿ ದೋಣಿಯನ್ನೂ ಉಪಗ್ರಹದಿಂದ ಸದಾ ನೋಡುತ್ತಿದ್ದರು. ಎಂಥ ತಿರುವುಮುರುವು! ಕ್ರೌಹರ್ಸ್ಟ್ ಎಲ್ಲಿದ್ದಾನೆ ಅಂತ ಅವನಿಗೆ ಮಾತ್ರ ಗೊತ್ತಿತ್ತು. ಇವರು ಎಲ್ಲಿದ್ದಾರೆ ಅಂತ ಇವರನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು.

ಇವರಲ್ಲಿ ನಮ್ಮ ನೌಕಾಪಡೆಯ ಅಭಿಲಾಷ್ ಟೋಮಿ ಇದ್ದರು. ದೋಣಿಯ ಹೆಸರು 'ತುರಿಯಾ', ಗೋವಾದಲ್ಲಿ ಕಟ್ಟಿದ್ದು, ನಾಕ್ಸ್-ಜಾನ್‌ಸ್ಟನ್‌ನ ದೋಣಿಯ ಪಡಿಯಚ್ಚು. ಸೆಪ್ಟೆಂಬರ್ 21ರಂದು ದಕ್ಷಿಣ ಹಿಂದೂ ಮಹಾಸಾಗರದಲ್ಲಿ, ಪರ್ತ್‌ನಿಂದ ಸುಮಾರು 1,900 ನಾಟಿಕಲ್ ಮೈಲಿ ದೂರದಲ್ಲಿ, ಬಿರುಗಾಳಿಗೆ ದೋಣಿ ಮಗುಚಿ ಕೂವೆಮರ ಮುರಿಯಿತು. ಟೋಮಿ ಬೆನ್ನುಮೂಳೆಗೆ ಪೆಟ್ಟಾಗಿ ಎದ್ದು ಕೂರಲೂ ಆಗದೆ ಮಲಗಿದ್ದರು. ತುರ್ತು ಸಂದೇಶ ಹೋಯಿತು. ಮಾರಿಷಸ್‌ನಿಂದ ಹೊರಟ ನೌಕಾಪಡೆಯ ಪಿ-8ಐ ವಿಮಾನ ಆ ಅಗಾಧ ನೀರಿನಲ್ಲಿ ನೇರ ದೋಣಿಯ ಮೇಲೇ ಹಾರಿತು. ಸೆಪ್ಟೆಂಬರ್ 24ರಂದು ಫ್ರಾನ್ಸಿನ 'ಒಸಿರಿಸ್' ಎಂಬ ಗಸ್ತುಹಡಗು ಅವರನ್ನು ಎತ್ತಿಕೊಂಡಿತು. ಚುಕ್ಕೆ ಇಲ್ಲದಿದ್ದರೆ ಆ ಮೂರು ದಿನ ಬೇರೆ ಥರ ಮುಗೀತಿತ್ತು. ಅದನ್ನು ಒಪ್ಪಲೇಬೇಕು. ಬೆನ್ನಿಗೆ ಟೈಟಾನಿಯಂ ಸರಳು ಹಾಕಿಸಿಕೊಂಡ ಟೋಮಿ 2022ರಲ್ಲಿ ಅದೇ ಸ್ಪರ್ಧೆಗೆ ಮತ್ತೆ ಹೋಗಿ, 236 ದಿನಗಳಲ್ಲಿ ಭೂಮಿ ಸುತ್ತಿ ಎರಡನೆಯವರಾಗಿ ಬಂದರು.

ಹಾಗಾಗಿ ಹಳೇದೇ ಚೆಂದ ಅಂತ ನಾನು ಹಾಡಲ್ಲ. ಟೋಮಿಯವರ ಕಥೆಯಲ್ಲೂ ಚುಕ್ಕೆ ತಾನಾಗಿ ಯಾರನ್ನೂ ಎತ್ತಿಕೊಳ್ಳಲಿಲ್ಲ. ಅದರ ಮೇಲೆ ಕಣ್ಣಿಟ್ಟು ರಾತ್ರಿಯಿಡೀ ಕೂತವರಿದ್ದರು. ಅದೇ ಬಿರುಗಾಳಿಯಲ್ಲಿ ತನ್ನ ಕೂವೆಮರವನ್ನೂ ಕಳಕೊಂಡ ಐರ್ಲೆಂಡಿನ ಗ್ರೆಗರ್ ಮೆಗಕಿನ್, ಮುರುಕು ದೋಣಿಯನ್ನೇ ತಿರುಗಿಸಿ ಟೋಮಿಯವರ ಕಡೆ ಹೊರಟಿದ್ದ. ನಮ್ಮ ವಾಟ್ಸಾಪ್‌ನಲ್ಲಿ ಲೈವ್ ಲೊಕೇಶನ್ ಹಂಚಿಕೊಂಡು ಎಂಟು ಗಂಟೆ ಕಳೆದರೂ ಒಬ್ಬರೂ ತೆರೆದು ನೋಡದೆ ಇರೋದೂ ಉಂಟು. ಚುಕ್ಕೆ ಇರುತ್ತೆ, ಕೇಳೋರು ಇರಲ್ಲ. ಕನ್ನಡದಲ್ಲಿ ಈ 'ಕೇಳು' ಅನ್ನೋ ಪದ ಎಷ್ಟು ಸೊಗಸಾಗಿದೆ ನೋಡಿ. ಪ್ರಶ್ನೆ ಹಾಕೋದಕ್ಕೂ ಅದೇ, ಕಿವಿಗೊಡೋದಕ್ಕೂ ಅದೇ. ಹ್ಯಾಲ್ ಮಾಡಿದ್ದು ಎರಡನ್ನೂ.

ಪೆಸಿಫಿಕ್ ನೆಟ್ಟಿನ ಹಾಜರಿಯಲ್ಲಿ ನನಗೆ ಮರೆಯಲಾಗದ್ದು ದೋಣಿಗಳ ದನಿಯಲ್ಲ. ಕರೆದ ಹೆಸರಿಗೆ ಉತ್ತರ ಬಾರದೆ ಇದ್ದಾಗ ನಡೆಯೋದು. ಹಾಜರಿ ಕರೀತಿರೋರು ಒಂದು ಕ್ಷಣ ಸುಮ್ಮನಾಗ್ತಾರೆ. ಬರೀ ಗುರ್ ಸದ್ದು. ಮತ್ತೆ ಅದೇ ಹೆಸರು, ಈ ಸಲ ಒಂದೊಂದೇ ಅಕ್ಷರ ಬಿಡಿಸಿ, ನಿಧಾನವಾಗಿ. ಮತ್ತೆ ಗುರ್. ಯಾರಿಗಾದರೂ ಈ ದೋಣಿಯ ದನಿ ಕೇಳಿಸ್ತಿದೆಯಾ ಅಂತ ಬೇರೆಯವರನ್ನು ಕೇಳ್ತಾರೆ. ಎಲ್ಲೋ ಇನ್ನೊಂದು ದ್ವೀಪದಿಂದ ಇನ್ನೊಬ್ಬರು ಅದೇ ಹೆಸರನ್ನು ಕರೆದು ನೋಡ್ತಾರೆ. ಪಟ್ಟಿಯ ಮುಂದಿನ ಹೆಸರಿಗೆ ಹೋಗೋ ಮುಂಚೆ, ಇದನ್ನು ಕೊನೆಯಲ್ಲಿ ಇನ್ನೊಮ್ಮೆ ಕರೀತೀವಿ ಅಂತ ಹೇಳ್ತಾರೆ. ಹೇಳಿದ ಹಾಗೆ ಕೊನೆಯಲ್ಲಿ ಕರೀತಾರೆ.